ಡಾಕ್ಟರಮ್ಮನ ಕಸದ ಡಬ್ಬ

ಬೆಳಗಿನ ಏಳೂವರೆಗೆ ಭಾವಮೈದುನ ಸೊಂಟದವರೆಗೂ ಕಸದ ಡಬ್ಬದೊಳಗಿದ್ದ. ಡಬ್ಬ ಅವನದಲ್ಲ. ಅವನ ಭಾವನ ವಿರುದ್ಧ ಚುನಾವಣೆಗೆ ನಿಂತಿದ್ದ ಹಲ್ಲಿನ ಡಾಕ್ಟರಮ್ಮನದು. ಎಂಟಕ್ಕೆ ಕಸದ ಗಾಡಿ ಬರುತ್ತದೆ. ಅಷ್ಟರೊಳಗೆ ಏನಾದರೂ ಸಿಗಲೇಬೇಕಿತ್ತು.

ಏಕೆಂದರೆ ಸಂಜೆ ಪುರಭವನದಲ್ಲಿ ಇಬ್ಬರಿಗೂ ಮುಖಾಮುಖಿ ಚರ್ಚೆ. ಭಾವ ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನು. ನಿವೃತ್ತನಾದ ಮೇಲೂ ಮೀಸೆ ಇನ್ನೂ ಡ್ಯೂಟಿಯಲ್ಲೇ ಇತ್ತು. ಅಫೀಮಿನ ಅಂಶವಿರುವ ನೋವಿನ ಮಾತ್ರೆಗೆ ಬೀದಿಗೊಬ್ಬರಾದರೂ ಅಂಟಿಕೊಂಡಿದ್ದ ಕಾಲ. ಭಾವನ ಪೋಸ್ಟರುಗಳಲ್ಲಿ ಒಂದೇ ಸಾಲು: 'ಚಟದ ಮಾತ್ರೆ ಸಿಕ್ಕರೆ ನೇರ ಜೈಲು.' ಡಾಕ್ಟರಮ್ಮ ಹೇಳುವುದೇ ಬೇರೆ: 'ಅದು ಕಾಯಿಲೆ. ಜೈಲು ಬೇಡ, ಚಿಕಿತ್ಸೆ ಕೊಡಿ.' ಜನ ಅವಳ ಮಾತಿಗೆ ತಲೆದೂಗತೊಡಗಿದ್ದರು. ಈ ಚರ್ಚೆ ಸೋತರೆ ಚುನಾವಣೆಯೂ ಸೋತಂತೆಯೇ.

ಹಾಗಾಗಿ ವಾರಕ್ಕೆರಡು ದಿನ ಈ ತಪಾಸಣೆ. ಕೈಗೆ ಗುಲಾಬಿ ಬಣ್ಣದ ರಬ್ಬರ್ ಗ್ಲೌಸು. ಪಾತ್ರೆ ತೊಳೆಯುವ ಜಾಗದಿಂದ ತೆಗೆದು ಭಾವನ ತಾಯಿಯೇ ಕೊಟ್ಟಿದ್ದರು. "ಹಾಕ್ಕೊಂಡು ಹೋಗಪ್ಪ, ಗಾಜು ಗೀಜು ಇರುತ್ತೆ." ಇದುವರೆಗೆ ಸಿಕ್ಕಿದ್ದು ಮೊಟ್ಟೆಯ ಸಿಪ್ಪೆ, ಒಂಟಿ ಕಾಲುಚೀಲ, ಭಾವನದೇ ಒಂದು ಕರಪತ್ರ. ಅದರಲ್ಲಿ ಯಾರೋ ಮೂಗು ಒರೆಸಿದ್ದರು. ಅದನ್ನು ಅವನು ಭಾವನಿಗೆ ಹೇಳಿರಲಿಲ್ಲ.

ತಳದವರೆಗೂ ಕೈಯಾಡಿಸಿ ಸೋತು ಮೇಲೆದ್ದ. ಆಗ ಕಣ್ಣಿಗೆ ಬಿತ್ತು. ಎಲ್ಲಕ್ಕಿಂತ ಮೇಲಿತ್ತೆಂದು ಮೊದಲೇ ಎತ್ತಿ ಪಕ್ಕಕ್ಕಿಟ್ಟಿದ್ದ ಬಿಳಿ ಕವರು. ಚೊಕ್ಕಟವಾಗಿ ಗಂಟು ಹಾಕಿತ್ತು. ಬಿಚ್ಚಿದರೆ, ಖಾಲಿ ಮಾತ್ರೆಪಟ್ಟಿಗಳು. ಒಂಬತ್ತು. ಅದೇ ಮಾತ್ರೆ!

ಅವನು ಗ್ಲೌಸು ಬಿಚ್ಚುವುದನ್ನೂ ಮರೆತು ಓಡಿದ.

ಮನೆಯಲ್ಲಿ ಭಾವ ಕನ್ನಡಿಯ ಮುಂದೆ ಭಾಷಣ ಮಾಡುತ್ತಿದ್ದ. ತಾಯಿ ಆಗಷ್ಟೇ ವಾಕಿಂಗ್ ಮುಗಿಸಿ ಬಂದು, ಕೋಲು ಗೋಡೆಗೊರಗಿಸಿ ಕುಳಿತಿದ್ದರು. ಎರಡು ವರ್ಷದ ಹಿಂದೆ ಮಂಡಿಯ ಆಪರೇಷನ್ ಆದಾಗಿನಿಂದ ಈ ವಾಕಿಂಗ್ ತಪ್ಪಿದ್ದಿಲ್ಲ. ಸೆಕೆಗಾಲದಲ್ಲೂ ಮೈಮೇಲೆ ಸ್ವೆಟರು. ವಯಸ್ಸಾದವರಿಗೆ ಚಳಿ ಜಾಸ್ತಿ, ನಿದ್ದೆ ಜಾಸ್ತಿ, ಕೈ ನಡುಕ ಜಾಸ್ತಿ ಎಂದು ಮನೆಯವರೆಲ್ಲ ಒಪ್ಪಿಕೊಂಡು ಸುಮ್ಮನಾಗಿದ್ದರು.

"ಭಾವಾ, ಸಿಕ್ತು!"

ಭಾವ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದ. ಮೀಸೆ ಎರಡೂ ಕಡೆ ಮೇಲೆದ್ದಿತು.

"ಯಾರ ಹೆಸರಿದೆಯೋ?" ತಾಯಿ ಕೇಳಿದರು.

"ಹೆಸರು ಬರೆಯಲ್ಲ ಅತ್ತೆ, ಆಸ್ಪತ್ರೆಯವರು ರೋಗಿಯ ನಂಬರ್ ಮಾತ್ರ ಅಂಟಿಸ್ತಾರೆ. ಅವಳ ಗಂಡ ಇರ್ಬೇಕು. ಮೊನ್ನೆ ಕುಂಟ್ತಾ ಇದ್ದ."

"ಗಂಡ ಯಾಕೆ, ಅವಳೇ!" ಎಂದ ಭಾವ. "ಚೀಟಿ ಬರೆಯೋ ಕೈಯೂ ಅವಳದೇ, ನುಂಗೋ ಬಾಯೂ ಅವಳದೇ. ಚಟದವರನ್ನ ನಾನು ಮುಖ ನೋಡಿದ್ರೇ ಹೇಳ್ತೀನಿ."

"ಹೌದಪ್ಪ, ನಿನ್ನ ಕಣ್ಣು ತಪ್ಪಿಸೋದು ಯಾರಿಂದಾಗುತ್ತೆ?" ಎಂದರು ತಾಯಿ. ಆಮೇಲೆ ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದರು. "ಮಗಾ, ಇದಕ್ಕೊಂದು ಸಹಿ ಹಾಕು. ಮನೆಯವರೇ ಹಾಕ್ಬೇಕಂತೆ."

"ಚುನಾವಣೆ ಮುಗೀಲಿ ಅಮ್ಮ."

"ಹೋದ ಸಲ, ರಿಟೈರ್ ಆಗ್ಲಿ ಅಂದಿದ್ದೆ."

"ಅಮ್ಮಾ! ಇವತ್ತು ಎಂಥ ದಿನ ಗೊತ್ತಾ ನಿಂಗೆ?"

"ಗೊತ್ತು ಗೊತ್ತು." ಕಾಗದ ಮತ್ತೆ ಚೀಲ ಸೇರಿತು. "ಸಂಜೆ ನಂಗೂ ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಾಕ್ಸು. ಆ ನಂಬರ್ ಮಾತ್ರ ಗಟ್ಟಿಯಾಗಿ ಓದು, ಹಿಂದಿನವರಿಗೂ ಕೇಳ್ಬೇಕು."

ಪುರಭವನ ಕಿಕ್ಕಿರಿದಿತ್ತು. ಡಾಕ್ಟರಮ್ಮನ ಸರದಿ ಮುಗಿಯುತ್ತಲೇ ಭಾವ ಬಿಳಿ ಕವರನ್ನು ಎತ್ತಿ ಹಿಡಿದ.

"ಚಿಕಿತ್ಸೆ ಕೊಡಿ, ಚಿಕಿತ್ಸೆ ಕೊಡಿ ಅಂತಾರಲ್ಲ, ಯಾಕೆ ಅಂತ ಈಗ ಗೊತ್ತಾಗುತ್ತೆ! ಈ ಮಾತ್ರೆಗಳು ಸಿಕ್ಕಿದ್ದು ಇವರ ಮನೆ ಕಸದ ಡಬ್ಬದಲ್ಲಿ!"

ಸಭೆ ಗುಜುಗುಜು ಎಂದಿತು. ಡಾಕ್ಟರಮ್ಮ ಹುಬ್ಬೇರಿಸಿದಳು. "ನಮ್ಮ ಡಬ್ಬ ಕೆದಕ್ತಾ ಇದ್ದಿದ್ದು ನಿಮ್ಮೋರಾ? ಛೆ, ಪಾಪದ ಬೆಕ್ಕನ್ನ ಬೈದ್ವಲ್ಲ!"

ಜನ ಹೋ ಎಂದು ನಕ್ಕರು. ಮುಂದಿನ ಸಾಲಿನಲ್ಲಿ ಭಾವಮೈದುನ ಕೈಗಳನ್ನು ಜೇಬಿಗಿಳಿಸಿದ. ಭಾವ ಮಾತ್ರ ಬಗ್ಗಲಿಲ್ಲ.

"ನಗಿ, ನಗಿ! ರೋಗಿ ನಂಬರ್ ಮೂರು, ಏಳು, ಒಂದು, ಎರಡು! ಯಾರದು? ಧೈರ್ಯ ಇದ್ರೆ ಎದ್ದು ನಿಲ್ಲಲಿ! ಯಾರ ಮನೆಯವರಾದ್ರೂ ಸರಿ, ನನ್ನ ಹತ್ರ ದಯೆ ದಾಕ್ಷಿಣ್ಯ ಇಲ್ಲ!"

ಮುಂದಿನ ಸಾಲಿನಲ್ಲಿ ಕೋಲೊಂದು ಟಕ್ ಎಂದಿತು. ಸ್ವೆಟರು ಸರಿಪಡಿಸಿಕೊಳ್ಳುತ್ತ ಅವನ ತಾಯಿ ಎದ್ದು ನಿಂತರು.

"ನಂದು ಕಣೋ."

ಚೀಲದಿಂದ ಆಸ್ಪತ್ರೆಯ ಕಾರ್ಡು ತೆಗೆದು ತೋರಿಸಿದರು. ಮೂರು, ಏಳು, ಒಂದು, ಎರಡು. ಡಾಕ್ಟರಮ್ಮ ಮೆಟ್ಟಿಲಿಳಿದು ಬಂದು ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದಳು.

"ಮಂಡಿ ನೋವಿಗೆ ಅಂತ ಶುರುವಾಗಿದ್ದು ಬಿಡೋಕೇ ಆಗ್ತಿಲ್ಲ. ಬಿಡಿಸೋ ಆಸ್ಪತ್ರೆಗೆ ಸೇರ್ಬೇಕು. ಮನೆಯವರ ಸಹಿ ಇಲ್ದೆ ಅವರು ಸೇರಿಸ್ಕೊಳಲ್ಲ." ಬೆಳಗಿನ ಆ ಕಾಗದವನ್ನು ಬಿಚ್ಚಿ ಹಿಡಿದರು. "ಈಗ ಹೇಳು. ಜೈಲೋ, ಸಹಿಯೋ?"

ಭಾವನ ಮೀಸೆ ಮೊದಲ ಸಲ ಡ್ಯೂಟಿಯಿಂದ ಇಳಿಯಿತು. ವೇದಿಕೆಯಿಂದಲೇ ಬಗ್ಗಿ ಪಿಸುಗುಟ್ಟಿದ.

"ಅಮ್ಮಾ... ಇದು ಅವಳ ಮನೆ ಡಬ್ಬಕ್ಕೆ ಹೇಗೆ ಹೋಯ್ತು?"

ಮೈಕು ಇನ್ನೂ ಆನ್ ಇತ್ತು.

"ಎರಡು ವರ್ಷ ನನ್ನ ದಿಂಬಿನ ಪಕ್ಕಾನೇ ಇಟ್ಟಿದ್ದೆ, ನೀನು ನೋಡ್ಲಿಲ್ಲ; ಅವಳ ಮನೆ ಕಸದಲ್ಲಿ ಹಾಕಿದ್ರೆ ತಪ್ಪದೆ ನೋಡ್ತೀಯ ಅಂತ, ಇವತ್ತು ವಾಕಿಂಗ್ ಹೋದಾಗ ಹಾಕಿ ಬಂದೆ."