ಉಗ್ರಾಣದ ತಾಯಿ

ಮನೆಗೆಲಸ ಎಂದೂ ನಿಲ್ಲಬಾರದೆಂದು ಪ್ರತಿ ಮನೆಯ ಉಗ್ರಾಣದಲ್ಲೂ ಒಬ್ಬ ಬದಲಿ ತಾಯಿ ಇರುತ್ತಿದ್ದಳು. ತಿಂಗಳಿಗೊಮ್ಮೆ, ಜನರೇಟರಿನಂತೆ, ಅವಳನ್ನು ಒಂದು ತಾಸು ಕೆಲಸಕ್ಕೆ ಹಚ್ಚಿ ನೋಡಬೇಕು.

ಕುಮುದಿನಿ ಬಾಗಿಲ ಮರೆಯಲ್ಲಿ ನಿಂತಳು. ಅವಳದೇ ಮುಖದ ಬದಲಿಯವಳು ಮಗಳು ತುಂಗಾಳ ಜಡೆ ಹೆಣೆದಳು. ಪ್ರತಿ ಸಲ "ಇಕಿ ನಮ್ಮವ್ವ ಅಲ್ಲ" ಎಂದು ಹುಡುಗಿ ಅಳುತ್ತಿದ್ದಳು. ಆ ಅಳುವೇ ಕುಮುದಿನಿಗೆ ಧೈರ್ಯ.

ಇಂದು ತುಂಗಾ ನಕ್ಕಳು. "ಅವ್ವಾ, ಇವತ್ತ ನೀ ಕೂದಲಾ ಜಗ್ಗಲೇ ಇಲ್ಲ!"

ತಪಾಸಣೆಗೆ ಬಂದಿದ್ದ ಗುರುಸಿದ್ದಪ್ಪ ಬರೆದುಕೊಂಡ.

"ತಾಸು ಮುಗೀತಲ್ರಿ, ನಾ ಹೋಗಿ ರೊಟ್ಟಿ ಬಡೀತೀನಿ," ಎಂದಳು ಕುಮುದಿನಿ.

"ಈ ತಿಂಗಳು ನಿಮಗ ಎರಡು ಸಲ ಜ್ವರ ಬಂದಿತ್ತಲ್ರಿ ಅಕ್ಕಾರ? ಇಕಿ ಒಮ್ಮೆನೂ ಕೆಟ್ಟಿಲ್ಲ." ಅವನು ಮರ್ಯಾದೆಯಿಂದಲೇ ಉಗ್ರಾಣದ ಬಾಗಿಲು ತೆರೆದು ಹಿಡಿದ. "ಬರ್ರಿ. ಮುಂದಿನ ತಿಂಗಳು ನಿಮ್ಮನ್ನೂ ಒಂದು ತಾಸು ಹಚ್ಚಿ ನೋಡೋಣಂತ."