ಕುಸುಬಿ ಎಣ್ಣೆ ಹಚ್ಚಿದ ಕೋಲು

ಕುಸುಬಿ ಎಣ್ಣೆ ಕಾಯುವ ವಾಸನೆ ಬಂದರೆ ಈಗಲೂ ನಾನು ಅಡುಗೆಮನೆಯಿಂದ ಎದ್ದು ಹೊರಗೆ ಹೋಗುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ಶ್ರಾವಣ ಅದು. ಯಾವಾಗ ಊರ ಮೇಲೆ ದಾಳಿ ಆದೀತೋ ಎಂಬ ಭಯ; ಪೊಲೀಸರ ಮೇಲೆ ನಂಬಿಕೆ ಹೋಗಿ ಊರ ಹುಡುಗರೇ ಗಸ್ತು ತಿರುಗುತ್ತಿದ್ದರು. ನಮ್ಮ ಕಾಕಾನಿಗೆ ಆಗಷ್ಟೇ ಮೀಸೆ ಚಿಗುರಿತ್ತು. ತನ್ನ ಗಸ್ತಿನ ಕೋಲಿಗೆ ದಿನಾ ಕುಸುಬಿ ಎಣ್ಣೆ ತಿಕ್ಕುತ್ತಿದ್ದ.

ಒಂದು ಮಧ್ಯಾಹ್ನ ಅವರೆಲ್ಲ ಯಾರೋ ಮುದುಕನನ್ನು ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಮಲಗಿಸಿದರು. ತಲೆಯಿಂದ ರಕ್ತ ಸೋರುತ್ತಿತ್ತು.

"ಯಾರು, ಯಾವೂರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ ಯವ್ವಾ. ವೈರಿ ಕಡೆಯಾಂವ ಅಂತ ತಿಳದು ಹೊಡದ್ನಿ," ಎಂದ ಕಾಕಾ.

ಅಜ್ಜಿ ಮುದುಕನ ಗಂಟು ಬಿಚ್ಚಿದಳು. ಒಳಗೆ ಬಿಲ್ವಪತ್ರೆ, ರವಿಕೆ ಹೊಲಿಸುವ ಹೊಸದೊಂದು ಕುಬಸದ ಕಣ.

"ಇವತ್ತು ಶ್ರಾವಣ ಸೋಮವಾರ ಅಲ್ಲೇನೋ? ಮೌನ ಹಿಡದಾನೋ ಇಂವ. ಹೊತ್ತು ಮುಳುಗೂತನಾ ಮಾತಾಡಂಗಿಲ್ಲೋ!"

ಕೋಲಿಗೆಂದು ಇಟ್ಟಿದ್ದ ಎಣ್ಣೆಯನ್ನೇ ಅರಿಷಿಣ ಹಾಕಿ ಕಾಯಿಸಿ ಗಾಯಕ್ಕೆ ಹಚ್ಚಿದಳು. ಮುದುಕ ನರಳಲೂ ಇಲ್ಲ.

ಹೊತ್ತು ಮುಳುಗಿತು. ಮುದುಕ ಕಣ್ಣು ತೆರೆದು ಕಾಕಾನನ್ನು ಹುಡುಕಿದ. ಎರಡೂ ಕೈ ಜೋಡಿಸಿ, ಮಧ್ಯಾಹ್ನ ಕೇಳಿದ್ದಕ್ಕೆ ಉತ್ತರ ಕೊಟ್ಟ.

"ಇಟಗಿಯಾಂವ್ರಿ... ಮಗಳನ್ನ ನೋಡಾಕ ಹೊಂಟಿದ್ನಿರಿ."