ಮಗಳ ತಲೆಯ ಮೇಲಿನ ಕೈ

ಚಿಕ್ಕಣ್ಣನ ಅಂಗೈ ಮಗಳ ತಲೆಯ ಮೇಲೆ ಗಡಗಡನೆ ನಡುಗುತ್ತಿತ್ತು. "ಇನ್ಮೇಲೆ ಹೆಂಡ ಮುಟ್ಟಿದ್ರೆ ಈ ಕೂಸಿನ ಮೇಲಾಣೆ ಅನ್ನು" ಎಂದು ಜರಗನಹಳ್ಳಿಯ ಯಜಮಾನ ಬೋರಣ್ಣ ಗುಡಿಯ ಜಗಲಿಯಿಂದ ಗದರಿದ. ಇದು ಮೂರನೆಯ ಆಣೆ. ಎರಡನೆಯದು ಮುರಿದ ವಾರದಲ್ಲೇ ಎಂಟು ವರ್ಷದ ಗೌರಿಗೆ ಜ್ವರ ಬಂದಿತ್ತು. ಅಪ್ಪ ಆಣೆ ಮುರಿದದ್ದಕ್ಕೇ ಬಂತೆಂದು ಊರೆಲ್ಲ ಆಡಿಕೊಂಡಿತ್ತು. ಮಗುವೂ ಅದನ್ನೇ ನಂಬಿ, ಈಗ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ನಿಂತಿತ್ತು.

"ನೋಡ್ರಪ್ಪಾ, ಮನಸ್ಸಲ್ಲಿ ಕಳ್ಳತನ ಅದೆ, ಅದಕ್ಕೇ ಕೈ ನಡುಗ್ತದೆ" ಎಂದ ಬೋರಣ್ಣ. ಸೇರಿದ್ದವರು ನಕ್ಕರು.

ಚಿಕ್ಕಣ್ಣನ ಹೆಂಡತಿ ಪಿಳ್ಳಮ್ಮನಿಗೆ ಮೈಯೆಲ್ಲ ಉರಿಯಿತು. ಕುಡಿದ ದಿನ ಈ ಕೈ ನಡುಗುತ್ತಲೇ ಇರಲಿಲ್ಲ. ನಿನ್ನೆಯಿಂದ ಅವನು ಒಂದು ತೊಟ್ಟೂ ಮುಟ್ಟಿರಲಿಲ್ಲ. ಬೆಳಿಗ್ಗೆ ಮುದ್ದೆಯ ತುತ್ತು ಬಾಯಿ ಸೇರದೆ ನೆಲಕ್ಕೆ ಬಿದ್ದಿತ್ತು. ಅವಳು ನುಗ್ಗಿ ಬಂದು ಗಂಡನ ಕೈಯನ್ನು ಮಗಳ ತಲೆಯಿಂದ ಎತ್ತಿ ಬಿಗಿಯಾಗಿ ಹಿಡಿದಳು.

"ಕಳ್ಳತನ ಅಲ್ಲ ಬೋರಣ್ಣೋರೆ, ಕಾಯಿಲೆ! ಕುಡಿಯೋದು ಬಿಟ್ಟಿದ್ದಕ್ಕೇ ನಡುಗ್ತಾ ಅವ್ರೆ. ಹಿಂಗಾದ್ರೆ ತಕ್ಷಣ ಕರ್ಕೊಂಡು ಬಾ, ಔಷಧಿ ಅದೆ ಅಂತ ಜಯನಗರದ ಹೊಸ ಬಡಾವಣೆ ಡಾಕ್ಟ್ರಮ್ಮ ಹೇಳವ್ರೆ. ಮೊನ್ನೆ ನಿಮ್ಮ ಮೊಮ್ಮಗ ಚಳಿಜ್ವರದಲ್ಲಿ ನಡುಗ್ತಿದ್ನಲ್ಲ, ಇನ್ಮೇಲೆ ನಡುಗಲ್ಲ ಅಂತ ಯಾರ ತಲೆ ಮುಟ್ಟಿಸಿ ಆಣೆ ಹಾಕಿಸಿದ್ರಿ?"

ಗೌರಿ ಕಣ್ಣು ಬಿಟ್ಟು, ತನ್ನ ತಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಅಪ್ಪನ ಇನ್ನೊಂದು ಕೈಯನ್ನು ಹಿಡಿದಳು. ಅದೂ ನಡುಗುತ್ತಿತ್ತು. ಅವಳು ಬಿಡಲಿಲ್ಲ.